ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರು: ನಮ್ಮ ಕಡೆಯ ಓಟಕ್ಕೆ ಯಾವ ಟರ್ಬೊ ಎಂಜಿನ್ ಸರಿ?

ಚಿಂತಾಮಣಿ ಹತ್ತಿರದ ಹಳ್ಳಿಯಲ್ಲಿರುವ ನನ್ನ ಭಾವಮೈದ ಚಿಕ್ಕಬಳ್ಳಾಪುರದ ನಮ್ಮ ಮನೆಗೆ ಬಂದಾಗ ಜೇಬಿನಲ್ಲಿ ಮಡಚಿದ ಒಂದು ಹಾಳೆ ಇತ್ತು. ಅದರಲ್ಲಿ ನಾಲ್ಕು ಕಾರಿನ ಹೆಸರು, ಪಕ್ಕದಲ್ಲಿ ಓಡಿದ ಕಿಲೋಮೀಟರ್, ಅದರ ಪಕ್ಕದಲ್ಲಿ ರೇಟು. "ಭಾವ, ಇದರಲ್ಲಿ ಯಾವ ಎಂಜಿನ್ ಗಟ್ಟಿ ಹೇಳಿ" ಅಂದ. ಹಾಳೆ ನೋಡುವ ಮುಂಚೆ ನಾನು ಕೇಳಿದ್ದು ಒಂದೇ ಮಾತು: "ದಿನಾ ಎಷ್ಟು ಓಡಿಸ್ತೀಯಪ್ಪ? ಎಲ್ಲಿಂದ ಎಲ್ಲಿಗೆ?"

ದಿನಾ ಹಳ್ಳಿಯಿಂದ ಚಿಂತಾಮಣಿಗೆ 9 ಕಿ.ಮೀ, ವಾಪಸ್ 9 ಕಿ.ಮೀ. ರೇಷ್ಮೆ ಗೂಡು ಬಂದಾಗ ಶಿಡ್ಲಘಟ್ಟದ ಮಾರುಕಟ್ಟೆ. ತಿಂಗಳಿಗೆ ಎರಡು ಸಲ ಬೆಂಗಳೂರು. ವರ್ಷಕ್ಕೊಮ್ಮೆ ಎಲ್ಲರನ್ನೂ ತುಂಬಿಕೊಂಡು ತಿರುಪತಿ.

ನಮ್ಮ ಜಿಲ್ಲೆಗಳಲ್ಲಿ ಹೆಚ್ಚು ಜನರ ಓಟ ಇದೇ ತರ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೂರೂ ಬೆಂಗಳೂರಿಗೆ 60–70 ಕಿ.ಮೀ ದೂರದಲ್ಲಿವೆ. ದಿನಾ ಹೈವೇ ಹಿಡಿದು ಕೆಲಸಕ್ಕೆ ಹೋಗುವವರೂ ಇದ್ದಾರೆ, ಊರೊಳಗೇ ಸುತ್ತುವವರೂ ಇದ್ದಾರೆ. ಒಂದೇ ಎಂಜಿನ್ ಮೊದಲನೆಯವರ ಕೈಯಲ್ಲಿ 2 ಲಕ್ಷ ಕಿ.ಮೀ ಸದ್ದಿಲ್ಲದೆ ಓಡುತ್ತದೆ, ಎರಡನೆಯವರ ಕೈಯಲ್ಲಿ ಮೂರನೇ ವರ್ಷಕ್ಕೇ ಗ್ಯಾರೇಜ್ ಸೇರುತ್ತದೆ. ಅದಕ್ಕೇ ಎಂಜಿನ್‌ಗಳನ್ನು ಒಂದಕ್ಕೊಂದು ಹೋಲಿಸುವಾಗ ನಿಮ್ಮ ಓಟವನ್ನೂ ಪಕ್ಕದಲ್ಲಿಟ್ಟುಕೊಂಡು ನೋಡಬೇಕು. ತಿಂಗಳಿಗೆ ಸಾವಿರ ಕಿ.ಮೀ ಕೂಡ ಓಡಿಸದವರು, ಅದೂ ಬರೀ ಪೇಟೆ ಓಟದವರು, ಪೆಟ್ರೋಲ್ ಕಾರು ತಗೊಳ್ಳುವುದೇ ಒಳ್ಳೆಯದು ಅನ್ನೋದು ನನ್ನ ಖಚಿತ ಅಭಿಪ್ರಾಯ. ಉಳಿದವರಿಗೆ ಮುಂದಿನ ಮಾತು.

ಅಂಕಿ ಓದುವಾಗ

ಕಾರು ಮಾರುವವರು ಮೊದಲು ಹೇಳುವುದು ಪವರ್. 75 ಪಿಎಸ್, 90 ಪಿಎಸ್, 115 ಪಿಎಸ್ ಅಂತ. ಡೀಸೆಲ್‌ನಲ್ಲಿ ಆ ಪವರ್ ಪೂರ್ತಿ ಸಿಗುವುದು 4,000 ಆರ್‌ಪಿಎಂ, ಅಂದರೆ ಎಂಜಿನ್ ನಿಮಿಷಕ್ಕೆ 4,000 ಸುತ್ತು ತಿರುಗುವ ಹತ್ತಿರ. ನಾವು ಅಷ್ಟು ತಿರುಗಿಸಿ ಓಡಿಸುವುದೇ ಅಪರೂಪ. ನೋಡಬೇಕಾದ್ದು ಟಾರ್ಕ್, ಅಂದರೆ ಎಳೆಯುವ ಬಲ, ಅದರ ಅಳತೆ ನ್ಯೂಟನ್ ಮೀಟರ್. ಅದರಲ್ಲೂ ಅದು ಎಷ್ಟು ಆರ್‌ಪಿಎಂನಿಂದ ಶುರುವಾಗುತ್ತದೆ ಅನ್ನೋದು.

ಟರ್ಬೊ ಅಂದರೆ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಪಂಪು. ಅದು ತಿರುಗುವುದು ಸೈಲೆನ್ಸರ್ ಕಡೆ ಹೋಗುವ ಹೊಗೆಯ ರಭಸಕ್ಕೆ. ಎಂಜಿನ್ ನಿಧಾನ ತಿರುಗುವಾಗ ಹೊಗೆ ಕಡಿಮೆ, ರಭಸವೂ ಕಡಿಮೆ. ಆಗ ಟರ್ಬೊ ಇದ್ದೂ ಇಲ್ಲದ ಹಾಗೆ. ನಂದಿ ಬೆಟ್ಟ ಹತ್ತುವಾಗ ಇದು ಚೆನ್ನಾಗಿ ಗೊತ್ತಾಗುತ್ತದೆ. 1,478 ಮೀಟರ್ ಎತ್ತರದ ಬೆಟ್ಟ, ಮೇಲೆ ಮೇಲೆ ಹೋದ ಹಾಗೆ ತಿರುವು ಬಿಗಿಯಾಗುತ್ತವೆ. ಎರಡನೇ ಗೇರಿನಲ್ಲಿ ತಿರುವು ತಗೊಂಡು ಆಕ್ಸಿಲರೇಟರ್ ಒತ್ತಿದರೆ ಗಾಡಿ ಒಂದು ಕ್ಷಣ ನಿಂತೇ ಹೋಯಿತೇನೋ ಅನ್ನಿಸುತ್ತದೆ. ಮರುಕ್ಷಣ ಹಿಂದಿನಿಂದ ಯಾರೋ ತಳ್ಳಿದ ಹಾಗೆ ನುಗ್ಗುತ್ತದೆ. ಆ ಒಂದು ಕ್ಷಣದ ಖಾಲಿಯೇ ಟರ್ಬೊ ಲ್ಯಾಗ್.

ಇದನ್ನು ಕಡಿಮೆ ಮಾಡಲು ಕೆಲವು ಟರ್ಬೊಗಳ ಒಳಗೆ ತಿರುಗುವ ಸಣ್ಣ ರೆಕ್ಕೆಗಳಿವೆ. ಹೊಗೆ ಕಡಿಮೆ ಇದ್ದಾಗ ಅವು ಸಂದನ್ನು ಕಿರಿದು ಮಾಡಿ ರಭಸ ಹೆಚ್ಚಿಸುತ್ತವೆ. ಪೈಪಿನ ಬಾಯಿಗೆ ಬೆರಳು ಅಡ್ಡ ಹಿಡಿದರೆ ನೀರು ದೂರ ಚಿಮ್ಮುತ್ತದಲ್ವಾ, ಹಾಗೆ. ಇದಕ್ಕೆ ವಿಜಿಟಿ ಅನ್ನುತ್ತಾರೆ. ಓಡಿಸಲು ಸುಖ. ಆದರೆ ಯಾವಾಗಲೂ ಮೇಲಿನ ಗೇರಿನಲ್ಲಿ ನಿಧಾನಕ್ಕೆ ಉರುಳಿಸುತ್ತಾ ಹೋದರೆ ಮಸಿ ಕಟ್ಟಿ ಆ ರೆಕ್ಕೆಗಳು ಅಂಟಿಕೊಳ್ಳುತ್ತವೆ. ಆಗ ಚೆಕ್ ಎಂಜಿನ್ ಲೈಟ್ ಹತ್ತಿ, ಎಷ್ಟು ಒತ್ತಿದರೂ ಗಾಡಿ ಮೇಲೇಳುವುದಿಲ್ಲ.

1.3 ಮಲ್ಟಿಜೆಟ್: ಊರಿಗೆಲ್ಲ ಗೊತ್ತಿರುವ ಎಂಜಿನ್

ಭಾವಮೈದನ ಹಾಳೆಯಲ್ಲಿ ಮೊದಲು ಇದ್ದದ್ದು ಸ್ವಿಫ್ಟ್. ಅದರ ಎಂಜಿನ್ ಮೂಲತಃ ಫಿಯೆಟ್‌ನದು. 1,248 ಸಿಸಿ, ನಾಲ್ಕು ಸಿಲಿಂಡರ್, 16 ವಾಲ್ವ್, ಟೈಮಿಂಗ್ ಚೈನ್. 2005ರಲ್ಲಿ ತನ್ನ ಗಾತ್ರದ ವಿಭಾಗದಲ್ಲಿ ಅಂತಾರಾಷ್ಟ್ರೀಯ ಎಂಜಿನ್ ಪ್ರಶಸ್ತಿಯನ್ನೂ ಪಡೆದಿತ್ತು. ಮಾರುತಿ ಇದಕ್ಕೆ ಡಿಡಿಐಎಸ್ ಅಂತ ಹೆಸರಿಟ್ಟಿತು, ಟಾಟಾ ಕ್ವಾಡ್ರಾಜೆಟ್ ಅಂತ ಕರೆಯಿತು. ಫಿಯೆಟ್ ಪುಂಟೊ, ಲಿನಿಯಾ, ಟಾಟಾ ವಿಸ್ಟಾ, ಝೆಸ್ಟ್, ಷೆವ್ರೊಲೆ ಸೇಲ್, ಮಾರುತಿ ಸ್ವಿಫ್ಟ್, ಡಿಸೈರ್, ರಿಟ್ಸ್, ಎರ್ಟಿಗಾ, ಬ್ರೆಝಾ, ಎಲ್ಲದರಲ್ಲೂ ಇದೇ. ಅದಕ್ಕೇ ಇದನ್ನು ದೇಶದ ಎಂಜಿನ್ ಅಂತ ಕರೆಯುವುದು. ಶಿರಾದಲ್ಲಿ ಕೆಟ್ಟರೂ, ಮುಳಬಾಗಿಲಲ್ಲಿ ಕೆಟ್ಟರೂ ಬಿಚ್ಚಲು ಗೊತ್ತಿರುವ ಮೆಕ್ಯಾನಿಕ್ ಸಿಗುತ್ತಾನೆ. ಈ ಒಂದು ಗುಣಕ್ಕೆ ನಾನು ಬೇರೆ ಎಷ್ಟೋ ಕೊರತೆ ಮನ್ನಿಸುತ್ತೇನೆ.

ಇದು ಎರಡು ತರ ಬಂದಿದೆ. ಸ್ವಿಫ್ಟ್, ಡಿಸೈರ್‌ನಲ್ಲಿರುವುದು 75 ಪಿಎಸ್, 190 ನ್ಯೂಟನ್ ಮೀಟರ್, ಸಾದಾ ಟರ್ಬೊ. ಎರ್ಟಿಗಾ, ಸಿಯಾಜ್, ಬ್ರೆಝಾದಲ್ಲಿರುವುದು 90 ಪಿಎಸ್, 200 ನ್ಯೂಟನ್ ಮೀಟರ್, ವಿಜಿಟಿ ಟರ್ಬೊ. ಸಾದಾ ಟರ್ಬೊದ್ದಕ್ಕೆ ಪೂರ್ತಿ ಎಳೆತ ಬರುವುದು 2,000 ಆರ್‌ಪಿಎಂಗೆ. ಅದಕ್ಕೆ ಮುಂಚೆ ಸತ್ತ ಹಾಗಿರುತ್ತದೆ. ಪೇಟೆಯಲ್ಲಿ ಗೇರ್ ಇಳಿಸುತ್ತಲೇ ಇರಬೇಕು. ಆದರೆ ಕೆಡಲು ರೆಕ್ಕೆಗಳೇ ಇಲ್ಲ. ಮನೆಯಲ್ಲಿ ಒಬ್ಬರೇ ಓಡಿಸುವ, ಊರೊಳಗೆ ಜಾಸ್ತಿ ಸುತ್ತುವ ಗಾಡಿಗೆ ಈ ಸಾದಾ ಟರ್ಬೊ ನನಗೆ ಹೆಚ್ಚು ಇಷ್ಟ. ಏಳು ಜನ ತುಂಬಿಕೊಂಡು ತಿರುಪತಿ ಘಾಟ್ ಹತ್ತುವವರಿಗೆ 90 ಪಿಎಸ್‌ದೇ ಬೇಕು.

ಈಗ ಕಾಯಿಲೆಗಳಿಗೆ ಬರೋಣ. ದೊಡ್ಡದು ಟೈಮಿಂಗ್ ಚೈನ್, ಅಂದರೆ ಪಿಸ್ಟನ್ನಿನ ಓಟಕ್ಕೆ ಸರಿಯಾಗಿ ವಾಲ್ವ್ ತೆರೆದು ಮುಚ್ಚುವ ಹಾಗೆ ಎಂಜಿನ್ನನ್ನು ಜೋಡಿಸಿಡುವ ಚೈನು. ಬೆಲ್ಟ್ ಅಲ್ಲ ಚೈನು, ಆಯುಷ್ಯಪೂರ್ತಿ ಬರುತ್ತದೆ ಅಂತ ಮಾರುವವರು ಹೇಳುತ್ತಾರೆ. ಅರ್ಧ ಮಾತ್ರ ನಿಜ. ಈ ಎಂಜಿನ್ ಹಿಡಿಯುವುದು ಸುಮಾರು 3 ಲೀಟರ್ ಆಯಿಲ್. ಅಷ್ಟೇ ಆಯಿಲ್ ಟರ್ಬೊಗೂ ಆಗಬೇಕು, ಬೇರಿಂಗ್‌ಗೂ ಆಗಬೇಕು, ಚೈನಿಗೂ ಆಗಬೇಕು. ಚೈನನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಕೆಲಸ ಮಾಡುವುದೂ ಆಯಿಲ್ ಒತ್ತಡದಿಂದಲೇ. ಮಾಲೀಕರು 10,000 ಕಿ.ಮೀಗೆ ಬದಲಾಯಿಸಬೇಕಾದ ಆಯಿಲನ್ನು 15,000ಕ್ಕೆ ಎಳೆದರೆ ಮೊದಲು ಸವೆಯುವುದು ಚೈನು. ಸವೆದು ಉದ್ದವಾಗುತ್ತದೆ. ಒಂದು ದಿನ ಹಲ್ಲು ಜಾರಿದರೆ ವಾಲ್ವಿಗೆ ಪಿಸ್ಟನ್ ಬಡಿಯುತ್ತದೆ. ರಾಕರ್ ಆರ್ಮ್ ಮುರಿಯುತ್ತವೆ, ಅದೃಷ್ಟ ಕೆಟ್ಟಿದ್ದರೆ ವಾಲ್ವೂ ಬಾಗುತ್ತವೆ. ಹೆಡ್ ಇಳಿಸದೆ ಗತಿಯಿಲ್ಲ.

ಚೈನು ಮೊದಲೇ ಸೂಚನೆ ಕೊಡುತ್ತದೆ. ರಾತ್ರಿಯಿಡೀ ನಿಂತ ಎಂಜಿನ್ ಬೆಳಗ್ಗೆ ಸ್ಟಾರ್ಟ್ ಮಾಡಿ. ಮೊದಲ ಎರಡು ಮೂರು ಸೆಕೆಂಡ್ ಬಾನೆಟ್ ಒಳಗಿಂದ ಸ್ಟೀಲ್ ಡಬ್ಬದಲ್ಲಿ ಮೊಳೆ ಹಾಕಿ ಅಲ್ಲಾಡಿಸಿದ ಹಾಗೆ ಝಣಝಣ ಸದ್ದು ಬಂದು ನಿಂತರೆ ಅದು ಟೆನ್ಷನರಿಗೆ ಆಯಿಲ್ ತಲುಪುವವರೆಗೆ ಸಡಿಲ ಚೈನು ಹೊಡೆದುಕೊಂಡ ಸದ್ದು. ಬಿಸಿ ಎಂಜಿನ್ನಿನಲ್ಲಿ ಇದು ಕೇಳಿಸುವುದೇ ಇಲ್ಲ. ಅದಕ್ಕೇ ಮಧ್ಯಾಹ್ನ ಗಾಡಿ ನೋಡಲು ಹೋಗಬೇಡಿ ಅಂತ ನಾನು ಎಲ್ಲರಿಗೂ ಹೇಳುವುದು.

ಎರಡನೆಯದು ಇಜಿಆರ್. ಸುಟ್ಟ ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ ಒಳಗೆ ಬಿಡುವ ವಾಲ್ವ್ ಇದು. ಮಾಲಿನ್ಯ ತಗ್ಗಿಸಲು ಇಟ್ಟದ್ದು. ಹೊಗೆಯ ಮಸಿ, ಎಂಜಿನ್ನಿನ ಆಯಿಲ್ ಆವಿ ಎರಡೂ ಸೇರಿ ಒಳಗೆ ಡಾಂಬರಿನ ಹಾಗೆ ಕಟ್ಟಿಕೊಳ್ಳುತ್ತದೆ. ಪಿಕಪ್ ಕಡಿಮೆಯಾಗುತ್ತದೆ, ನಿಂತಾಗ ಗಾಡಿ ನಡುಗುತ್ತದೆ, ಕಪ್ಪು ಹೊಗೆ ಬರುತ್ತದೆ. ಬಿಚ್ಚಿ ತೊಳೆದರೆ ಹೆಚ್ಚಿನ ಸಲ ಸರಿಹೋಗುತ್ತದೆ. ಇದು ಮಲ್ಟಿಜೆಟ್‌ನ ಕಾಯಿಲೆ ಮಾತ್ರ ಅಲ್ಲ, ಇಲ್ಲಿ ಹೇಳುವ ಯಾವ ಎಂಜಿನ್ನಿಗೂ ತಪ್ಪಿದ್ದಲ್ಲ.

ಒಂದು ಮಾತು ನೆನಪಿರಲಿ. 2020ರ ಏಪ್ರಿಲ್ 1ರಿಂದ ಬಿಎಸ್6 ಅನ್ನೋ ಬಿಗಿ ಮಾಲಿನ್ಯ ನಿಯಮ ಬಂದಾಗ ಮಾರುತಿ ಡೀಸೆಲ್ ಕಾರನ್ನೇ ನಿಲ್ಲಿಸಿತು. ಅಂದರೆ ಈಗ ಸಿಗುವ ಯಾವುದೇ ಡೀಸೆಲ್ ಸ್ವಿಫ್ಟ್ ಅದಕ್ಕಿಂತ ಹಳೆಯದೇ. ಬಿಡಿಭಾಗಕ್ಕೆ ಸದ್ಯ ತೊಂದರೆಯಿಲ್ಲ, ಓಡುತ್ತಿರುವ ಗಾಡಿಗಳು ಅಷ್ಟಿವೆ.

ಹುಂಡೈನ 1.4 ಮತ್ತು 1.6 ಸಿಆರ್‌ಡಿಐ

1.4 ಅಂದರೆ 1,396 ಸಿಸಿ, 90 ಪಿಎಸ್, 220 ನ್ಯೂಟನ್ ಮೀಟರ್. ಐ20, ಹಳೆಯ ವರ್ನಾ, ಕ್ರೆಟಾದ ಕೆಳಗಿನ ಮಾದರಿಗಳಲ್ಲಿ ಬಂದಿದೆ. 1.6 ಅಂದರೆ 1,582 ಸಿಸಿ, 128 ಪಿಎಸ್, 260 ನ್ಯೂಟನ್ ಮೀಟರ್, ವಿಜಿಟಿ ಟರ್ಬೊ. ವರ್ನಾ, ಕ್ರೆಟಾದಲ್ಲಿ ಬಂದಿದೆ. ಎರಡಕ್ಕೂ ಚೈನೇ.

ಮಲ್ಟಿಜೆಟ್ ಓಡಿಸಿದವರು ಇದರಲ್ಲಿ ಕೂತರೆ ಮೊದಲು ಗಮನಿಸುವುದು ಮೌನ. ಎರಡನೆಯದು ಕೆಳಗಿನ ಎಳೆತ. ಚಿಂತಾಮಣಿ ಪೇಟೆಯಲ್ಲಿ ಆಟೊ ಹಿಂದೆ ಎರಡನೇ ಗೇರಿನಲ್ಲೇ ತೆವಳಬಹುದು. 1.6ರದ್ದಂತೂ ಹೈವೇಯಲ್ಲಿ ಲಾರಿ ದಾಟಲು ಯೋಚನೆಯೇ ಬೇಡ. ಬೆಂಗಳೂರಿಗೆ ದಿನಾ ಹೋಗಿಬರುವವರು ಕೇಳಿದರೆ, ಒಳ್ಳೆ ಸರ್ವಿಸ್ ದಾಖಲೆ ಇರುವ 1.6 ಹುಡುಕಿ ಅಂತಲೇ ನಾನು ಹೇಳುವುದು.

ದೌರ್ಬಲ್ಯ ಇರುವುದು ಡೀಸೆಲ್ ಬರುವ ದಾರಿಯಲ್ಲಿ. ಸಿಆರ್‌ಡಿಐನಂಥ ಕಾಮನ್ ರೈಲ್ ಎಂಜಿನ್‌ಗಳಲ್ಲಿ, ಅಂದರೆ ಎಲ್ಲ ಸಿಲಿಂಡರಿಗೂ ಒಂದೇ ಪೈಪಿನಿಂದ ಡೀಸೆಲ್ ಹೋಗುವ ಎಂಜಿನ್‌ಗಳಲ್ಲಿ, ಡೀಸೆಲ್ 1,600 ಬಾರ್ ಮತ್ತು ಅದಕ್ಕೂ ಹೆಚ್ಚಿನ ಒತ್ತಡದಲ್ಲಿ ಇಂಜೆಕ್ಟರಿನ ತೀರಾ ಸಣ್ಣ ತೂತುಗಳಿಂದ ಚಿಮ್ಮುತ್ತದೆ. ಕಾರಿನ ಟಯರಿನ ಒತ್ತಡ 2 ಬಾರ್ ಸುಮಾರು ಅಂದರೆ ಲೆಕ್ಕ ಹಾಕಿ. ಒಂದು ಹನಿ ನೀರು, ಒಂದು ಚಿಟಿಕೆ ತುಕ್ಕು ಸಾಕು. ಇಂಜೆಕ್ಟರ್ ಕೆಳಗಿನ ತಾಮ್ರದ ವಾಷರ್ ಸೋರುವುದೂ ಉಂಟು. ಎಂಜಿನ್ ಮೇಲಿನ ಪ್ಲಾಸ್ಟಿಕ್ ಕವರ್ ಎತ್ತಿ ನೋಡಿ. ಇಂಜೆಕ್ಟರ್ ಬುಡದಲ್ಲಿ ಕಪ್ಪಗೆ ಗಟ್ಟಿ ಟಾರ್ ಕಟ್ಟಿದ್ದರೆ, ಜೊತೆಗೆ ಚುಸ್ ಚುಸ್ ಅಂತ ಸದ್ದು ಬರುತ್ತಿದ್ದರೆ, ವಾಷರ್ ಹೋಗಿದೆ. ಬೇಗ ಹಿಡಿದರೆ ಸಣ್ಣ ಕೆಲಸ. ಬಿಟ್ಟರೆ ಇಂಜೆಕ್ಟರ್ ಅಂಟಿಕೊಂಡು ಕೀಳುವುದೇ ಯುದ್ಧ.

ಇನ್ನೋವಾ 2.5

2,494 ಸಿಸಿ, 102 ಪಿಎಸ್, 200 ನ್ಯೂಟನ್ ಮೀಟರ್. 2005ರಿಂದ 2016ರವರೆಗೆ ಬಂದ ಹಳೆ ಇನ್ನೋವಾ. ಅಂಕಿ ನೋಡಿದರೆ ಇಷ್ಟು ದೊಡ್ಡ ಎಂಜಿನ್ನಿಗೆ ಇಷ್ಟೇನಾ ಅನ್ನಿಸುತ್ತದೆ. ಅದೇ ಗುಟ್ಟು. ದೊಡ್ಡ ಎಂಜಿನ್ನಿನಿಂದ ಕಡಿಮೆ ಕೆಲಸ ತೆಗೆದಿದ್ದಾರೆ, ಅದಕ್ಕೇ ಬಾಳುತ್ತದೆ. 3 ಲಕ್ಷ ಕಿ.ಮೀ ದಾಟಿಯೂ ಟ್ಯಾಕ್ಸಿಯಾಗಿ ಓಡುತ್ತಿರುವುದನ್ನು ಯಾವ ಬಸ್ ಸ್ಟ್ಯಾಂಡ್ ಪಕ್ಕದಲ್ಲೂ ನೋಡಬಹುದು.

ಎರಡು ವಿಷಯ ಕೇಳಿ. ಇದಕ್ಕೆ ಚೈನಲ್ಲ, ಬೆಲ್ಟ್. 1 ಲಕ್ಷದಿಂದ 1.5 ಲಕ್ಷ ಕಿ.ಮೀ ನಡುವೆ ಬೆಲ್ಟ್ ಬದಲಾಯಿಸಿದ ಬಿಲ್ ತೋರಿಸದಿದ್ದರೆ, ಬದಲಾಯಿಸಿಲ್ಲ ಅಂತಲೇ ತಿಳಿದು ಆ ಖರ್ಚನ್ನು ರೇಟಿನಲ್ಲಿ ಕಳೆಯಿರಿ. ಇನ್ನೊಂದು, ಇಂಜೆಕ್ಟರ್ ಸೀಲ್ ಸೋರಿ ಮಸಿ ಆಯಿಲ್‌ಗೆ ಇಳಿಯುವುದು. ಅದು ಎಂಜಿನ್ ತಳದ ಆಯಿಲ್ ಚೇಂಬರಿನ ಜಾಲರಿಗೆ ಕಟ್ಟಿಕೊಂಡರೆ ಆಯಿಲ್ ಮೇಲೇರುವುದಿಲ್ಲ. ಆಯಿಲ್ ಪ್ರೆಶರ್ ಲೈಟ್ ಒಮ್ಮೆ ಮಿನುಗಿದರೂ ಎಂಜಿನ್ ಆಫ್ ಮಾಡಬೇಕು.

ಇದರ ತೊಂದರೆ ಎಂಜಿನ್ ಅಲ್ಲ, ರೇಟು. ಹೆಸರಿಗೇ ದುಡ್ಡು ಕೊಡಬೇಕು. ನಾಲ್ಕು ಜನರ ಮನೆಗೆ ಇಷ್ಟು ದೊಡ್ಡ ಗಾಡಿ ಬೇಡ ಅಂತ ಭಾವಮೈದನ ಹಾಳೆಯಿಂದ ಇದನ್ನು ಮೊದಲು ಹೊಡೆದು ಹಾಕಿದೆ.

ಬಿಎಸ್6ರ ಹೊಸ 1.5ಗಳು: ಇಲ್ಲಿ ನಿಧಾನಿಸಿ

ಹಾಳೆಯ ಕೊನೆಯಲ್ಲಿದ್ದದ್ದು ಅವನಿಗೆ ಮನಸ್ಸಿದ್ದ ಗಾಡಿ. 2021ರ ಬಿಎಸ್6 ಡೀಸೆಲ್ ಎಸ್‌ಯುವಿ. ಮನಸ್ಸಾಗುವುದು ಸಹಜ. ಕ್ರೆಟಾ, ಸೆಲ್ಟೋಸ್‌ನ 1,493 ಸಿಸಿ ಎಂಜಿನ್ 115 ಪಿಎಸ್, 250 ನ್ಯೂಟನ್ ಮೀಟರ್ ಕೊಡುತ್ತದೆ. ನೆಕ್ಸಾನ್‌ನ 1,497 ಸಿಸಿ 260 ನ್ಯೂಟನ್ ಮೀಟರ್. ಮಹೀಂದ್ರಾ ಎಕ್ಸ್‌ಯುವಿ300ರ 1,497 ಸಿಸಿ 300 ನ್ಯೂಟನ್ ಮೀಟರ್, ಈ ಗಾತ್ರಕ್ಕೆ ಅದು ಭಾರಿ ಎಳೆತ. ಹತ್ತು ವರ್ಷ ಹಿಂದೆ ಇಷ್ಟು ಬಲಕ್ಕೆ ದೊಡ್ಡ ಎಂಜಿನ್ನೇ ಬೇಕಿತ್ತು.

ಆದರೆ ಬಿಎಸ್6 ಡೀಸೆಲ್ ಜೊತೆ ಬರುವುದು ಡಿಪಿಎಫ್. ಹೊಗೆಯ ಮಸಿಯನ್ನು ಹಿಡಿದಿಡುವ ಜೇನುಗೂಡಿನ ತರದ ಫಿಲ್ಟರ್. ಮಸಿ ತುಂಬಿದಾಗ ಎಂಜಿನ್ ತಾನೇ ಹೆಚ್ಚುವರಿ ಡೀಸೆಲ್ ಬಿಟ್ಟು, ಫಿಲ್ಟರನ್ನು 600 ಡಿಗ್ರಿ ಸುಮಾರಿಗೆ ಕಾಯಿಸಿ, ಆ ಮಸಿಯನ್ನು ಸುಟ್ಟುಹಾಕುತ್ತದೆ. ಇದಕ್ಕೆ ರೀಜನರೇಶನ್ ಅನ್ನುತ್ತಾರೆ. ಹೈವೇಯಲ್ಲಿ ಒಂದೇ ವೇಗದಲ್ಲಿ 15–20 ನಿಮಿಷ ಓಡಿದರೆ ಈ ಕೆಲಸ ನಮಗೆ ಗೊತ್ತೇ ಆಗದ ಹಾಗೆ ಮುಗಿಯುತ್ತದೆ.

9 ಕಿ.ಮೀ ಓಟದಲ್ಲಿ ಎಂಜಿನ್ ಸರಿಯಾಗಿ ಬಿಸಿಯಾಗುವ ಹೊತ್ತಿಗೆ ಊರು ಬಂದಿರುತ್ತದೆ. ಸುಡಲು ಶುರುಮಾಡಿದ ಹೊತ್ತಿಗೆ ನಾವು ಆಫ್ ಮಾಡುತ್ತೇವೆ. ಮಾರನೇ ದಿನ ಮತ್ತೆ ಶುರು, ಮತ್ತೆ ಅರ್ಧಕ್ಕೆ ನಿಲ್ಲುತ್ತದೆ. ಪ್ರತಿಸಲ ಬಿಟ್ಟ ಹೆಚ್ಚುವರಿ ಡೀಸೆಲ್ಲಿನಲ್ಲಿ ಸ್ವಲ್ಪ ಸಿಲಿಂಡರ್ ಗೋಡೆ ಹಿಡಿದು ಆಯಿಲ್‌ಗೆ ಇಳಿಯುತ್ತದೆ. ನನ್ನ ಗೆಳೆಯನೊಬ್ಬನ ಗಾಡಿಯಲ್ಲಿ ಇದನ್ನು ಕಣ್ಣಾರೆ ನೋಡಿದೆ. ಅವನ ಮನೆಯಿಂದ ಅಂಗಡಿಗೆ 4 ಕಿ.ಮೀ. ಡಿಪ್‌ಸ್ಟಿಕ್ ಎಳೆದು ಒರೆಸಿ ಮತ್ತೆ ಅದ್ದಿ ತೆಗೆದಾಗ ಆಯಿಲ್ ಮೇಲಿನ ಗುರುತನ್ನೂ ದಾಟಿ ಒಂದು ಬೆರಳು ಮೇಲಿತ್ತು. ಬೆರಳಿಗೆ ಹಚ್ಚಿಕೊಂಡರೆ ಜಿಡ್ಡೇ ಇಲ್ಲ, ನೀರು ನೀರು. ಮೂಗಿಗೆ ಡೀಸೆಲ್ ವಾಸನೆ. "ಆಯಿಲ್ ಕಡಿಮೆಯಾಗಿಲ್ಲ ಬಿಡು, ಇನ್ನೂ ಜಾಸ್ತಿಯೇ ಇದೆ" ಅಂತ ಅವನು ಖುಷಿಯಲ್ಲಿದ್ದ. ಆ ತೆಳ್ಳಗಿನ ಆಯಿಲ್ ಮೇಲೆ ಟರ್ಬೊ ನಿಮಿಷಕ್ಕೆ ಲಕ್ಷಕ್ಕೂ ಮಿಕ್ಕಿ ಸುತ್ತು ತಿರುಗುತ್ತಿತ್ತು ಅನ್ನೋದು ನೆನೆದರೆ ಈಗಲೂ ಹೊಟ್ಟೆ ಕಲಕುತ್ತದೆ.

ಹಾಗಂತ ಬಿಎಸ್6 ಡೀಸೆಲ್ ಕೆಟ್ಟದ್ದಲ್ಲ. ತುಮಕೂರಿನಿಂದ ದಿನಾ ನೆಲಮಂಗಲ ದಾಟಿ ಹೋಗುವವರಿಗೆ, ಕೋಲಾರದಿಂದ ಹೊಸಕೋಟೆ ಕಡೆಗೆ ಓಡಾಡುವವರಿಗೆ ಇದಕ್ಕಿಂತ ಒಳ್ಳೆಯ ಎಂಜಿನ್ ಇಲ್ಲ. ಊರೊಳಗಿನ ಓಟದವರು ತಗೊಂಡಿದ್ದರೆ ವಾರಕ್ಕೊಮ್ಮೆಯಾದರೂ ಬೇಕೆಂದೇ ಹೈವೇಗೆ ಒಯ್ದು ಅರ್ಧ ಗಂಟೆ ಓಡಿಸಿ ತರಬೇಕು. ಡಿಪಿಎಫ್ ಲೈಟ್ ಹತ್ತಿದರೆ ಆಫ್ ಮಾಡಬೇಡಿ, ಓಡಿಸಿ. ಆಯಿಲ್ ಕೂಡ ಡಿಪಿಎಫ್‌ಗೆಂದೇ ಇರುವ ಕಡಿಮೆ ಬೂದಿಯದ್ದು ಆಗಬೇಕು. ಹಳೆ ಎಂಜಿನ್ನಿನ ಸಾದಾ ಆಯಿಲ್ ಹಾಕಿದರೆ ಅದರ ಬೂದಿ ಫಿಲ್ಟರಿನಲ್ಲಿ ಉಳಿದುಬಿಡುತ್ತದೆ. ಮಸಿ ಸುಟ್ಟುಹೋಗುತ್ತದೆ, ಬೂದಿ ಸುಡುವುದಿಲ್ಲ.

2023ರ ಏಪ್ರಿಲ್‌ನಲ್ಲಿ ಬಿಎಸ್6ರ ಎರಡನೇ ಹಂತ ಬಂದ ಮೇಲೆ ಹಲವು ಡೀಸೆಲ್ ಕಾರುಗಳಿಗೆ ಆಡ್‌ಬ್ಲೂ ಕೂಡ ಹಾಕಬೇಕು. ಇದು ಹೊಗೆಯ ವಿಷ ತಗ್ಗಿಸಲು ಬಿಡುವ, 32.5 ಶೇಕಡಾ ಯೂರಿಯಾ ಇರುವ ಶುದ್ಧ ನೀರು. ಇಲ್ಲಿ ಒಂದು ಕಳಕಳಿಯ ಮಾತು. ಯೂರಿಯಾ ಮನೆಯಲ್ಲೇ ಇದೆಯಲ್ಲ, ಹೊಲಕ್ಕೆ ತಂದ ಮೂಟೆಯಿಂದ ಒಂದು ಹಿಡಿ ನೀರಿಗೆ ಕಲಸಿದರಾಯಿತು ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಗೊಬ್ಬರದ ಯೂರಿಯಾದಲ್ಲಿ ಇರುವ ಬೇರೆ ವಸ್ತುಗಳು, ಬೋರ್ ನೀರಿನ ಉಪ್ಪು ಎಲ್ಲ ಸೇರಿ ಆ ಪಂಪು, ನಾಝಲ್, ಕ್ಯಾಟಲಿಸ್ಟ್ ಎಲ್ಲವನ್ನೂ ಹಾಳು ಮಾಡುತ್ತವೆ. ಆಡ್‌ಬ್ಲೂ ಖಾಲಿಯಾಗಲು ಬಿಟ್ಟರೆ ಎಚ್ಚರಿಕೆ ಕೊಟ್ಟು ಕೊಟ್ಟು, ಕೊನೆಗೆ ಗಾಡಿ ಸ್ಟಾರ್ಟೇ ಆಗುವುದಿಲ್ಲ. ನೀಲಿ ಮುಚ್ಚಳದ ಬಾಯಿಗೆ ಮಾತ್ರ ಅದನ್ನು ಹಾಕಬೇಕು. ಡೀಸೆಲ್ ಟ್ಯಾಂಕಿಗೆ ಬಿದ್ದರೆ ಸ್ಟಾರ್ಟ್ ಮಾಡದೆ ಟೋ ಮಾಡಿಸಿ.

ಇನ್ನು ಡಸ್ಟರ್‌ನ 1,461 ಸಿಸಿ, ಪೋಲೊದ 1.5 ಟಿಡಿಐ ಎರಡೂ ಓಡಿಸಲು ಚೆಂದ, ಎರಡಕ್ಕೂ ಬೆಲ್ಟ್. ನಮ್ಮ ಕಡೆ ಅವನ್ನು ಬಲ್ಲ ಕೈಗಳು ಕಡಿಮೆ, ಪ್ರತಿಸಲ ಬೆಂಗಳೂರಿಗೆ ಒಯ್ಯಲು ತಯಾರಿದ್ದರೆ ಮಾತ್ರ ನೋಡಿ. ಬೊಲೆರೊ ಬೇರೆಯೇ ಲೆಕ್ಕ. 1,493 ಸಿಸಿ, ಮೂರು ಸಿಲಿಂಡರ್, 210 ನ್ಯೂಟನ್ ಮೀಟರ್. ತೋಟದ ದಾರಿಯಲ್ಲಿ ಟೊಮೆಟೊ ಕ್ರೇಟ್ ಹೇರುವವರಿಗೆ ಅದನ್ನು ಬಿಟ್ಟು ಬೇರೆ ಹೇಳಲಾರೆ, ಸುಖ ಬೇಕೆನ್ನುವವರಿಗೆ ಅದನ್ನು ಹೇಳಲಾರೆ.

ನಮ್ಮ ಊರಿನ ಮೂರು ಶತ್ರುಗಳು

ಯಾವ ಎಂಜಿನ್ ಆರಿಸಿದರೂ ಇವು ಬಿಡುವುದಿಲ್ಲ.

ಮೊದಲನೆಯದು ಡ್ರಮ್ಮಿನ ಡೀಸೆಲ್. ಟ್ರ್ಯಾಕ್ಟರಿಗೆ, ಜನರೇಟರಿಗೆ ಅಂತ ಮನೆಯಲ್ಲಿ ಡ್ರಮ್ ಅಥವಾ ಕ್ಯಾನಿನಲ್ಲಿ ತಂದಿಟ್ಟಿರುತ್ತೇವೆ. ಅವಸರಕ್ಕೆ ಅದನ್ನೇ ಕಾರಿಗೂ ಸುರಿಯುತ್ತೇವೆ. ಹಗಲು ರಾತ್ರಿ ಬಿಸಿ ತಂಪಿಗೆ ಡ್ರಮ್ಮಿನ ಒಳಗೋಡೆಯಲ್ಲಿ ನೀರು ಹನಿಗಟ್ಟಿ ತಳ ಸೇರುತ್ತದೆ, ಜೊತೆಗೆ ತುಕ್ಕು. ಹಳೆ ಟ್ರ್ಯಾಕ್ಟರ್ ಸಹಿಸೀತು, ಕಾಮನ್ ರೈಲ್ ಸಹಿಸುವುದಿಲ್ಲ. ಡೀಸೆಲ್ ಫಿಲ್ಟರ್ ಕೆಳಗೆ ನೀರು ಬಿಡುವ ತಿರುಪು ಇರುವ ಗಾಡಿಯಾದರೆ ಪ್ರತಿ ಸರ್ವಿಸ್‌ನಲ್ಲಿ ಬಿಡಿಸಿ.

ಎರಡನೆಯದು ಬೋರ್‌ವೆಲ್ ನೀರು. ಸಾವಿರ ಅಡಿ ಆಳದಿಂದ ಬರುವ ನಮ್ಮ ನೀರು ಎಷ್ಟು ಗಡಸು ಅಂತ ಮನೆಯ ಗೀಸರ್ ಕಾಯಿಲ್ ನೋಡಿದವರಿಗೆ ಹೇಳಬೇಕಿಲ್ಲ. ಅದೇ ನೀರನ್ನು ರೇಡಿಯೇಟರಿಗೆ ಹಾಕಿದರೆ ಒಳಗಿನ ಸಣ್ಣ ನಾಳಗಳಲ್ಲಿ ಅದೇ ಬಿಳಿ ಪದರ ಕಟ್ಟುತ್ತದೆ. ಬೇಸಿಗೆಯಲ್ಲಿ ಪಾವಗಡದ ಕಡೆ ಎಸಿ ಹಾಕಿಕೊಂಡು ಹೋಗುವಾಗ ಮುಳ್ಳು ಮೇಲೇರುತ್ತದೆ. ಹೆಡ್ ಗ್ಯಾಸ್ಕೆಟ್ ಹೋಗುವುದು ಹೀಗೇ. ಕೂಲಂಟ್ ಹಾಕಿ, ಕಲಸಬೇಕಾದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಸೇರಿಸಿ.

ಮೂರನೆಯದು ಧೂಳು. ಕ್ರಷರ್ ರಸ್ತೆಯಲ್ಲಿ ಓಡಾಡುವವರಿಗೆ ಏರ್ ಫಿಲ್ಟರ್ ಪುಸ್ತಕದಲ್ಲಿ ಹೇಳಿದ ಅರ್ಧ ದೂರಕ್ಕೇ ಬದಲಾಯಿಸಬೇಕು.

ನೋಡಲು ಹೋದ ಬೆಳಗ್ಗೆ

ಹಾಳೆಯಲ್ಲಿ ಕೊನೆಗೆ ಉಳಿದದ್ದು ಎರಡು: 75 ಪಿಎಸ್‌ನ ಸ್ವಿಫ್ಟ್, 1.4ರ ಐ20. ಎರಡೂ ಬಿಎಸ್6ಗಿಂತ ಮುಂಚಿನ ಬಿಎಸ್4, ಡಿಪಿಎಫ್ ತಲೆನೋವಿಲ್ಲ, ಅವನ 9 ಕಿ.ಮೀ ಓಟಕ್ಕೆ ಸರಿ. ಆಂಧ್ರದ ನಂಬರಿನ ಒಂದು ಗಾಡಿ ಅಗ್ಗಕ್ಕೆ ಸಿಗುತ್ತಿತ್ತು. ಎನ್‌ಒಸಿ ತಂದು, ಇಲ್ಲಿನ ಲೈಫ್ ಟ್ಯಾಕ್ಸ್ ಕಟ್ಟಿ, ಮತ್ತೆ ನೋಂದಣಿ ಮಾಡಿಸುವ ಹೊತ್ತಿಗೆ ಅಗ್ಗ ಎಲ್ಲಿ ಉಳಿಯುತ್ತದೆ, ಅಲ್ವಾ?

ಐ20 ನೋಡಲು ಬೆಳಗ್ಗೆ 7ಕ್ಕೆ ಹೋದೆವು. ಬರುತ್ತೇವೆ ಅಂತ ಮುಂಚೆ ಹೇಳಿದ್ದೇ ತಪ್ಪಾಯಿತು. ಬಾನೆಟ್ ಮೇಲೆ ಅಂಗೈ ಇಟ್ಟರೆ ಬೆಚ್ಚಗಿತ್ತು. ಆಗಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರು. ಕೇಳಿದರೆ ಜಾಗ ಬದಲಿಸಲು ತೆಗೆದೆವು ಅಂದರು. ಇರಬಹುದು. ನಾವು ವಾಪಸ್ ಬಂದೆವು.

ಸ್ವಿಫ್ಟ್ ನೋಡಲು ಹೇಳದೆ ಹೋದೆವು. ಬಾನೆಟ್ ಮೇಲೆ ಇಬ್ಬನಿ ಇತ್ತು. ನಾನು ಮುಂದೆ ಬಗ್ಗಿ ಕಿವಿ ಕೊಟ್ಟು ನಿಂತೆ, ಅವನು ಕೀ ತಿರುಗಿಸಿದ. ಝಣಝಣ ಇಲ್ಲ, ಡೀಸೆಲ್ಲಿನ ಸಹಜ ಬಡಿತ ಮಾತ್ರ. ಸೈಲೆನ್ಸರಿನಲ್ಲಿ ನೀಲಿ ಹೊಗೆ ಇಲ್ಲ. ನೀಲಿ ಹೊಗೆ ಅಂದರೆ ಆಯಿಲ್ ಸುಡುತ್ತಿದೆ, ಟರ್ಬೊ ಸೀಲ್ ಅಥವಾ ಪಿಸ್ಟನ್ ರಿಂಗ್. ಬಿಸಿಯಾದ ಮೇಲೆ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ ಬಾಯಿ ಮೇಲೆ ತಲೆಕೆಳಗಾಗಿ ಇಟ್ಟೆವು. ಕುಣಿದು ಬೀಳಲಿಲ್ಲ, ಸುಮ್ನೆ ಸಣ್ಣಗೆ ನಡುಗಿತು. ಹಾರಿ ಬಿದ್ದು, ಬಾಯಿಂದ ಹೊಗೆ ಬುಸುಬುಸು ಬಂದರೆ ಅದಕ್ಕೆ ಮೆಕ್ಯಾನಿಕ್‌ಗಳು ಬ್ಯಾಕ್ ಕಂಪ್ರೆಶನ್ ಅನ್ನುತ್ತಾರೆ, ಅಂಥ ಎಂಜಿನ್ ಬಿಚ್ಚಲೇಬೇಕು. ಆಯಿಲ್ ಕಪ್ಪಗಿತ್ತು. ಡೀಸೆಲ್ಲಿನಲ್ಲಿ ಅದು ಸಹಜ, ಬಣ್ಣ ನೋಡಿ ಬೇಡ ಅನ್ನಬೇಡಿ. ಟರ್ಬೊದಿಂದ ಬರುವ ರಬ್ಬರ್ ಪೈಪಿನ ಕೆಳಗೆ ಕೈಯಾಡಿಸಿದೆ, ತೆಳ್ಳಗೆ ಆಯಿಲ್ ಪಸೆ ಇತ್ತು, ಸೋರಿಕೆ ಇರಲಿಲ್ಲ. ಗ್ಯಾರೇಜಿನ ಹುಡುಗ ಸ್ಕ್ಯಾನರ್ ಹಾಕಿ ನಾಲ್ಕೂ ಇಂಜೆಕ್ಟರಿನ ಲೆಕ್ಕ ತೋರಿಸಿದ. ನಾಲ್ಕೂ ಹತ್ತಿರ ಹತ್ತಿರ ಇದ್ದವು.

ಆಮೇಲೆ ಐದನೇ ಗೇರಿಗೆ ಹಾಕಿ, ಕೈವಾರದ ರಸ್ತೆಯಲ್ಲಿ 40ರಿಂದ ಮೇಲೆಬ್ಬಿಸಿದೆವು. ಸ್ಪೀಡ್ ಏರದೆ ಆರ್‌ಪಿಎಂ ಮಾತ್ರ ಏರಿದರೆ ಕ್ಲಚ್ ಹೋಗಿದೆ ಅಂತ ಅರ್ಥ. ಅದೂ ಸರಿಯಿತ್ತು. ಬಿಲ್‌ಗಳಲ್ಲಿ ಒಂದು ಸಲ ಬಿಟ್ಟರೆ ಪ್ರತಿ 10,000ಕ್ಕೆ ಆಯಿಲ್ ಬದಲಾಗಿತ್ತು. ಆ ಬಿಟ್ಟ ಒಂದು ಸಲಕ್ಕೆ ರೇಟು ಇಳಿಸಿಕೊಂಡೆವು.

ಗಾಡಿ ಮನೆಗೆ ಬಂದ ಮರುದಿನವೇ ಆಯಿಲ್, ಮೂರೂ ಫಿಲ್ಟರ್ ಬದಲಾಯಿಸಿದೆವು. ಮುಂದೆ 7,500 ಕಿ.ಮೀಗೊಮ್ಮೆ ಬದಲಾಯಿಸು ಅಂತ ಭಾವಮೈದನಿಗೆ ಹೇಳಿ, ಡ್ಯಾಶ್‌ಬೋರ್ಡ್ ಒಳಗೆ ಕಾಗದದಲ್ಲಿ ಬರೆದು ಅಂಟಿಸಿದೆ. ರೇಡಿಯೇಟರ್ ಕೆಳಗಿನ ಪೈಪ್ ಬಿಚ್ಚಿದಾಗ ಬಂದದ್ದು ಕೂಲಂಟ್ ಅಲ್ಲ, ಟೀ ಬಣ್ಣದ ನೀರು. ಹಿಂದಿನವರು ಬೋರ್ ನೀರೇ ಹಾಕುತ್ತಾ ಬಂದಿದ್ದರು. ನಾಲ್ಕು ಸಲ ಡಿಸ್ಟಿಲ್ಡ್ ವಾಟರ್ ತುಂಬಿ, ಎಂಜಿನ್ ಓಡಿಸಿ, ಆರಿಸಿ, ಇಳಿಸಿದೆವು. ನಾಲ್ಕನೇ ಸಲ ಬಕೆಟ್ಟಿನಲ್ಲಿ ತಳ ಕಾಣಿಸಿತು. ಆಮೇಲೆ ಕೂಲಂಟ್ ಹಾಕಿದೆವು.